ಬಸುರಿನಲ್ಲಿ ಬಿಪಿ, ಮನೆ ಸುತ್ತಲಿನ ರಾಸಾಯನಿಕಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಮೊದಲ ಬಸುರಿನಲ್ಲಿ 33ನೇ ವಾರಕ್ಕೆ ಬಿಪಿ ಏರಿತು. ಉಪ್ಪು ಜಾಸ್ತಿ ತಿಂದೆಯಾ, ಟೆನ್ಷನ್ ಮಾಡಿಕೊಂಡೆಯಾ ಅಂತ ಎಲ್ಲರೂ ಕೇಳಿದರು. ನಾನು ಉಸಿರಾಡುವ ಗಾಳಿ, ಕುಡಿಯುವ ನೀರು, ಆಗಷ್ಟೇ ಬಣ್ಣ ಕೆರೆದ ಮನೆ ಕಿಟಕಿ, ಇವುಗಳ ಬಗ್ಗೆ ಒಬ್ಬರೂ ಕೇಳಲಿಲ್ಲ. ಆಮೇಲೆ ನಾನೇ ಓದಲು ಶುರು ಮಾಡಿದೆ. ಗೆಳತಿಯರು, ಅಕ್ಕಪಕ್ಕದವರು ಕೇಳುತ್ತಾ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ನಿಮ್ಮ ಡಾಕ್ಟರು ಹೇಳಿದ್ದನ್ನು ಬಿಟ್ಟು ಇದನ್ನು ಪಾಲಿಸಬೇಡಿ. ಅವರನ್ನು ಏನು ಕೇಳಬೇಕು ಅಂತ ಗೊತ್ತಾಗಲಿ ಎಂದೇ ಇದನ್ನು ಬರೆದಿದ್ದೇನೆ.

ಬಸುರಿನಲ್ಲಿ ಬಿಪಿ ಎಷ್ಟಿದ್ದರೆ ಜಾಸ್ತಿ ಅಂತ ಲೆಕ್ಕ?

140/90 ಅಥವಾ ಅದಕ್ಕಿಂತ ಮೇಲೆ. ಮೇಲಿನ ಅಂಕಿ 140 ಮುಟ್ಟಿದರೂ ಸಾಕು, ಕೆಳಗಿನದು 90 ಮುಟ್ಟಿದರೂ ಸಾಕು. ಎರಡೂ ಏರಬೇಕು ಅಂತಿಲ್ಲ. 160/110 ಮುಟ್ಟಿದರೆ ಅದು ತುರ್ತು. ಆಗ ನಾಳೆ ನೋಡೋಣ ಅನ್ನುವ ಮಾತೇ ಬೇಡ.

20 ವಾರಕ್ಕೆ ಮೊದಲೇ ಬಿಪಿ ಇದ್ದರೆ ಅದು ಹಳೆಯ ಬಿಪಿ. ಬಸುರಿಗೆ ಮುಂಚೆಯೇ ಇದ್ದು, ಈಗ ಗೊತ್ತಾಗಿರುತ್ತದೆ. 20 ವಾರ ಕಳೆದ ಮೇಲೆ ಶುರುವಾದರೆ ಅದು ಬಸುರಿನಿಂದ ಬಂದ ಬಿಪಿ. ಅದರ ಜೊತೆಗೆ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದ್ದರೆ, ಅಥವಾ ಲಿವರ್, ಕಿಡ್ನಿ, ಪ್ಲೇಟ್‌ಲೆಟ್ ಲೆಕ್ಕ ಏರುಪೇರಾಗಿದ್ದರೆ, ಅದಕ್ಕೆ ಪ್ರಿಎಕ್ಲಾಂಪ್ಸಿಯಾ ಅನ್ನುತ್ತಾರೆ. ನಮ್ಮಲ್ಲಿ ಹಿಂದಿನಿಂದಲೂ ಇದನ್ನು ಗರ್ಭನಂಜು ಅಂತ ಕರೆಯುತ್ತಾರೆ. ಜಗತ್ತಿನಲ್ಲಿ 100 ಬಸುರಿಯರಲ್ಲಿ 2ರಿಂದ 8 ಜನಕ್ಕೆ ಇದು ಬರುತ್ತದೆ. ಇದು ಜೋರಾಗಿ ಫಿಟ್ಸ್ ಬಂದರೆ ತಾಯಿ ಮಗು ಇಬ್ಬರ ಜೀವಕ್ಕೂ ಅಪಾಯ.

ಏನೇನು ಕಂಡರೆ ತಕ್ಷಣ ಹೊರಡಬೇಕು?

ಬಿಡದೆ ಕಾಡುವ ತಲೆನೋವು. ಕಣ್ಣು ಮಂಜಾಗುವುದು, ಕಣ್ಣ ಮುಂದೆ ಮಿಂಚು ಬಂದಂತೆ ಆಗುವುದು. ಬಲಗಡೆ ಪಕ್ಕೆಲುಬಿನ ಕೆಳಗೆ ನೋವು. ಮುಖ ಮತ್ತು ಕೈ ಇದ್ದಕ್ಕಿದ್ದಂತೆ ಊದಿಕೊಳ್ಳುವುದು. ದಿನ ತುಂಬುತ್ತಾ ಬಂದಾಗ ಹೊಸದಾಗಿ ಶುರುವಾದ ವಾಂತಿ. ಉಸಿರಾಡಲು ಕಷ್ಟ. ಇವುಗಳಲ್ಲಿ ಒಂದಿದ್ದರೂ ಆಸ್ಪತ್ರೆಗೆ ಹೋಗಿ, ಬೇಕಾದರೆ 108ಕ್ಕೆ ಫೋನ್ ಮಾಡಿ. ಕಾಲು ಸ್ವಲ್ಪ ಊದುವುದು ಬಸುರಿನಲ್ಲಿ ಸಾಮಾನ್ಯ. ಆದರೆ ನನ್ನ ಉಂಗುರ ಬೆರಳಲ್ಲಿ ಸಿಕ್ಕಿಕೊಂಡಾಗಲೂ "ಎಲ್ಲರಿಗೂ ಆಗುತ್ತೆ" ಅಂತ ಸುಮ್ನೆ ಕೂತಿದ್ದೆ. ಹಾಗೆ ಕೂರಬೇಡಿ.

ಇನ್ನೊಂದು ವಿಷಯ. ಎಷ್ಟೋ ಜನಕ್ಕೆ ಯಾವ ಲಕ್ಷಣವೂ ಇರುವುದಿಲ್ಲ. ಬಿಪಿ ಅಳೆದಾಗಲೇ ಗೊತ್ತಾಗುವುದು.

ರಾಸಾಯನಿಕಕ್ಕೂ ಬಿಪಿಗೂ ಎಲ್ಲಿಯ ಸಂಬಂಧ?

ಗರ್ಭನಂಜು ಶುರುವಾಗುವುದು ಮಾಸಿನಲ್ಲಿ, ಅಂದರೆ ಪ್ಲಾಸೆಂಟಾದಲ್ಲಿ. ಬಸುರಿನ ಮೊದಲ ತಿಂಗಳುಗಳಲ್ಲಿ ಗರ್ಭಕೋಶದ ಸಣ್ಣ ರಕ್ತನಾಳಗಳು ಅಗಲವಾಗಬೇಕು. ಕಿರಿದಾದ ಕಾಲುವೆಯನ್ನು ಅಗಲ ಮಾಡಿದರೆ ಗದ್ದೆಗೆ ನೀರು ಸಲೀಸಾಗಿ ಹರಿಯುತ್ತದಲ್ಲ, ಹಾಗೆ. ಅದು ಸರಿಯಾಗಿ ಆಗದಿದ್ದರೆ ಮಾಸಿಗೆ ರಕ್ತ ಸಾಲುವುದಿಲ್ಲ. ಆಗ ಮಾಸಿನಿಂದ ಕೆಲವು ವಸ್ತುಗಳು ತಾಯಿಯ ರಕ್ತಕ್ಕೆ ಸೇರುತ್ತವೆ. ಅವು ಮೈಯೆಲ್ಲ ಇರುವ ರಕ್ತನಾಳಗಳ ಒಳಪದರವನ್ನು ಕೆಡಿಸುತ್ತವೆ. ನಾಳಗಳು ಬಿಗಿಯುತ್ತವೆ, ಬಿಪಿ ಏರುತ್ತದೆ.

ಸೀಸ, ಕ್ಯಾಡ್ಮಿಯಂ, ಹೊಗೆಯ ಸಣ್ಣ ಕಣ, ಪಿಎಫ್ಎಎಸ್ ಎಂಬ ಗುಂಪಿನ ರಾಸಾಯನಿಕ, ಇವೆಲ್ಲ ಬೇರೆ ಬೇರೆ ದಾರಿಯಲ್ಲಿ ಇದೇ ನಾಳಗಳಿಗೆ ಅಥವಾ ಇದೇ ಮಾಸಿಗೆ ತೊಂದರೆ ಕೊಡುವಂಥವು. ಸೀಸದ್ದು ಚೆನ್ನಾಗಿ ಗೊತ್ತಿರುವ ಕಥೆ. ರಕ್ತನಾಳ ಸಡಿಲವಾಗಲು ನಮ್ಮ ಮೈ ನೈಟ್ರಿಕ್ ಆಕ್ಸೈಡ್ ತಯಾರಿಸಿಕೊಳ್ಳುತ್ತದೆ. ಸೀಸ ಅದಕ್ಕೆ ಅಡ್ಡ ಬರುತ್ತದೆ. ಬಸುರಿಯರಲ್ಲದವರಿಗೂ ಸೀಸದಿಂದ ಬಿಪಿ ಏರುತ್ತದೆ.

ಹಾಗಾದರೆ ನನಗೆ ಬಿಪಿ ಬಂದದ್ದು ಇದರಿಂದಲೇನಾ?

ಒಬ್ಬ ಹೆಣ್ಣುಮಗಳನ್ನು ನೋಡಿ "ನಿನಗೆ ಇದರಿಂದಲೇ ಬಂತು" ಅಂತ ಬೆರಳು ತೋರಿಸಿ ಹೇಳಲು ಆಗುವುದಿಲ್ಲ. ಮೊದಲ ಬಸುರು, ಅವಳಿ ಮಕ್ಕಳು, ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ, ಜಾಸ್ತಿ ತೂಕ, 35 ದಾಟಿದ ವಯಸ್ಸು, ಅಮ್ಮನಿಗೋ ಅಕ್ಕನಿಗೋ ಗರ್ಭನಂಜು ಆಗಿದ್ದದ್ದು, ಹಿಂದಿನ ಬಸುರಿನಲ್ಲಿ ನಿಮಗೇ ಆಗಿದ್ದದ್ದು, ಇವು ದೊಡ್ಡ ಕಾರಣಗಳು. ರಾಸಾಯನಿಕ ಇದರ ಮೇಲೆ ಇನ್ನಷ್ಟು ಭಾರ ಹೇರುತ್ತದೆ.

ಒಂದು ಮಾತನ್ನು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ನೀವು ಏನೋ ತಿಂದಿರಿ, ಏನೋ ಯೋಚನೆ ಮಾಡಿದಿರಿ ಅಂತ ಬಂದದ್ದಲ್ಲ ಇದು. ಊರಿನ ಗಾಳಿಯನ್ನು ನೀವು ಕೆಡಿಸಲಿಲ್ಲ. ಬಣ್ಣದ ಡಬ್ಬಿಗೆ ಸೀಸ ಬೆರೆಸಿದ್ದು ನೀವಲ್ಲ.

ಇಷ್ಟೊಂದರಲ್ಲಿ ಯಾವುದಕ್ಕೆ ಹೆಚ್ಚು ಗಮನ ಕೊಡಲಿ?

ಸೀಸಕ್ಕೆ. ಉಳಿದವುಗಳಲ್ಲಿ ಎಷ್ಟೋ ನಮ್ಮ ಕೈಯಲ್ಲಿಲ್ಲ, ಅಥವಾ ಇನ್ನೂ ಅನುಮಾನದ ಹಂತದಲ್ಲಿವೆ. ಸೀಸದ ಬಗ್ಗೆ ಸಾಕ್ಷಿ ಗಟ್ಟಿಯಾಗಿದೆ, ಮನೆಯಿಂದ ಹೊರಹಾಕಲೂ ಬರುತ್ತದೆ. ಹಲವು ಅಧ್ಯಯನಗಳನ್ನು ಒಟ್ಟಿಗಿಟ್ಟು 2018ರಲ್ಲಿ ಲೆಕ್ಕ ಹಾಕಿದಾಗ ಹೀಗೆ ಕಂಡಿತು: ರಕ್ತದಲ್ಲಿ ಸೀಸ ಡೆಸಿಲೀಟರಿಗೆ (ಅಂದರೆ 100 ಮಿಲಿಲೀಟರಿಗೆ) 1 ಮೈಕ್ರೋಗ್ರಾಂ ಏರಿದರೆ ಗರ್ಭನಂಜಿನ ಸಾಧ್ಯತೆ ಸುಮಾರು ಶೇ 1.6ರಷ್ಟು ಏರುತ್ತದೆ. ಸಣ್ಣ ಅಂಕಿ ಅನ್ನಿಸಬಹುದು. ಆದರೆ 5, 10, 20 ಮೈಕ್ರೋಗ್ರಾಂ ಇರುವವರೂ ನಮ್ಮ ನಡುವೆ ಇದ್ದಾರೆ. ಯೂನಿಸೆಫ್ 2020ರಲ್ಲಿ ಹೊರತಂದ ವರದಿಯ ಪ್ರಕಾರ, ರಕ್ತದಲ್ಲಿ 5 ಮೈಕ್ರೋಗ್ರಾಂ ಅಥವಾ ಹೆಚ್ಚು ಸೀಸ ಇರುವ ಮಕ್ಕಳು ಜಗತ್ತಿನಲ್ಲಿ ಸುಮಾರು 80 ಕೋಟಿ. ಅದರಲ್ಲಿ ಸುಮಾರು 27.5 ಕೋಟಿ ಮಕ್ಕಳು ಭಾರತದವರು. ಆ ಹೆಣ್ಣುಮಕ್ಕಳೇ ಅಲ್ವಾ ಮುಂದೆ ಬಸುರಿಯರಾಗುವುದು?

ಆದರೆ ನಾನು ಈಗ ಸೀಸದ ಹತ್ತಿರವೂ ಹೋಗಿಲ್ಲ. ನನಗೇಕೆ ಈ ಚಿಂತೆ?

ಸೀಸ ಮೈಯಲ್ಲಿ ಸೇರಿದರೆ ಅದರ ಹೆಚ್ಚಿನ ಪಾಲು ಮೂಳೆಗೆ ಹೋಗಿ ಕೂರುತ್ತದೆ. ಸುಣ್ಣದ ಅಂಶ ಇರಬೇಕಾದ ಜಾಗದಲ್ಲಿ ಅದು ಕೂತಿರುತ್ತದೆ, ಹತ್ತಾರು ವರ್ಷ. ಬಸುರಿನಲ್ಲಿ ಮಗುವಿನ ಮೂಳೆಗೆ ಕ್ಯಾಲ್ಸಿಯಂ ಬೇಕು. ಊಟದಲ್ಲಿ ಅದು ಸಾಲದಿದ್ದರೆ ಮೈ ತಾಯಿಯ ಮೂಳೆಯಿಂದ ತೆಗೆದು ಕೊಡುತ್ತದೆ. ಕ್ಯಾಲ್ಸಿಯಂ ಜೊತೆ ಹಳೆಯ ಸೀಸವೂ ರಕ್ತಕ್ಕೆ ಇಳಿಯುತ್ತದೆ. ಮಾಸು ಅದನ್ನು ತಡೆಯುವುದಿಲ್ಲ, ಮಗುವಿಗೂ ಹೋಗುತ್ತದೆ.

ಇದು ಬೆಂಗಳೂರಿನಲ್ಲಿ ಬೆಳೆದ ನನ್ನ ವಯಸ್ಸಿನವರಿಗೆ ದೂರದ ಮಾತಲ್ಲ. ನಮ್ಮ ಬಾಲ್ಯದಲ್ಲಿ ಪೆಟ್ರೋಲಿಗೆ ಸೀಸ ಹಾಕುತ್ತಿದ್ದರು. ಆಟೋ, ಸ್ಕೂಟರುಗಳ ಹೊಗೆಯಲ್ಲಿ ಅದೇ ಇತ್ತು. 1990ರ ದಶಕದ ಕೊನೆಯಲ್ಲಿ ಬೆಂಗಳೂರೂ ಸೇರಿ ದೊಡ್ಡ ನಗರಗಳಲ್ಲಿ ರಕ್ತಪರೀಕ್ಷೆ ಮಾಡಿದಾಗ, ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಸೀಸ 10 ಮೈಕ್ರೋಗ್ರಾಂ ದಾಟಿತ್ತು. ಆ ಕೆಲಸದಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ತುಪ್ಪಿಲ್ ವೆಂಕಟೇಶ್ ಮುಂದೆ ನಿಂತಿದ್ದರು. 2000ದಲ್ಲಿ ದೇಶಾದ್ಯಂತ ಸೀಸದ ಪೆಟ್ರೋಲ್ ನಿಂತಿತು. ಅದಕ್ಕೂ ಮೊದಲು ರಸ್ತೆ ಬದಿಯಲ್ಲಿ ಆಡಿ ಬೆಳೆದ ಹುಡುಗಿಯರಿಗೆ ಈಗ ಮೂವತ್ತು ದಾಟಿದೆ.

ಹಾಗಂತ ಹೆದರಿ ಕೂರುವುದು ಬೇಡ. ಇದಕ್ಕೆ ಮಾಡಬಹುದಾದ ಒಂದು ಸುಲಭದ ಕೆಲಸ ಇದೆ. ಮೆಕ್ಸಿಕೋ ನಗರದಲ್ಲಿ ಬಸುರಿಯರಿಗೆ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಕೊಟ್ಟು ನೋಡಿದರು. ಅವರ ರಕ್ತದಲ್ಲಿ ಸೀಸ ಸರಾಸರಿ ಶೇ 11ರಷ್ಟು ಕಡಿಮೆಯಾಯಿತು. ಕ್ಯಾಲ್ಸಿಯಂ ಕಡಿಮೆ ತಿನ್ನುವ ಹೆಂಗಸರಿಗೆ ಈ ಮಾತ್ರೆ ಕೊಟ್ಟರೆ ಗರ್ಭನಂಜೂ ಕಡಿಮೆಯಾಗುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ನಾಲ್ಕನೇ ತಿಂಗಳಿಂದ ದಿನಕ್ಕೆ ಎರಡು ಕೊಡುವ 500 ಮಿಲಿಗ್ರಾಂ ಮಾತ್ರೆ ಇದೇ. ಅದನ್ನು ಡಬ್ಬಿಯಲ್ಲೇ ಬಿಡಬೇಡಿ. ಕಬ್ಬಿಣದ ಮಾತ್ರೆ ಜೊತೆ ಒಟ್ಟಿಗೆ ನುಂಗಬೇಡಿ, ನಡುವೆ ಎರಡು ಗಂಟೆಯಾದರೂ ಬಿಡಿ. ರಾಗಿ, ಹಾಲು, ಮೊಸರು, ನುಗ್ಗೆಸೊಪ್ಪು, ಎಳ್ಳು ಊಟದಲ್ಲಿರಲಿ.

ಮನೆಯೊಳಗೆ ಸೀಸ ಎಲ್ಲಿರುತ್ತದೆ?

ಮೊದಲನೆಯದು ಹಳೆಯ ಆಯಿಲ್ ಪೇಂಟ್. ಸುಣ್ಣ ಬಳಿದ ಗೋಡೆಯಲ್ಲಿ ಈ ತೊಂದರೆ ಇಲ್ಲ. ಬಾಗಿಲು, ಕಿಟಕಿ, ಗ್ರಿಲ್‌ಗೆ ಹಚ್ಚುವ ಹೊಳಪಿನ ಬಣ್ಣದಲ್ಲಿ, ಅದರಲ್ಲೂ ಹಳದಿ, ಕೆಂಪು, ಹಸಿರಿನಲ್ಲಿ ಸೀಸ ಜಾಸ್ತಿ ಇರುತ್ತಿತ್ತು. ಭಾರತದಲ್ಲಿ ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ 90 ಪಾಲು, ದಾಟಬಾರದು ಅಂತ 2016ರಲ್ಲಿ ನಿಯಮ ಬಂತು, 2017ರ ನವೆಂಬರ್ 1ರಿಂದ ಜಾರಿಯಾಯಿತು. ಅದಕ್ಕೆ ಮೊದಲು ಬಳಿದ ಬಣ್ಣ ಇನ್ನೂ ಎಷ್ಟೋ ಮನೆಯ ಕಿಟಕಿಯಲ್ಲಿದೆ. ಅದು ಗಟ್ಟಿಯಾಗಿ ಅಂಟಿಕೊಂಡಿದ್ದರೆ ಅಷ್ಟೇನೂ ಅಪಾಯವಿಲ್ಲ. ಸೀಮಂತ ಬಂತು, ಯುಗಾದಿ ಬಂತು ಅಂತ ಉಜ್ಜುಗಾಗದದಲ್ಲಿ ಕೆರೆದಾಗ ಏಳುವ ಧೂಳಿನಲ್ಲಿ ಅಪಾಯ ಇದೆ. ಬಸುರಿ ಇರುವ ಮನೆಯಲ್ಲಿ ಆ ಕೆಲಸ ಬೇಡ. ಮಾಡಿಸಲೇಬೇಕಾದರೆ ಕೆಲಸ ಮುಗಿದು, ಒದ್ದೆ ಬಟ್ಟೆಯಲ್ಲಿ ಎಲ್ಲ ಒರೆಸುವ ತನಕ ಬಸುರಿ ಬೇರೆ ಕಡೆ ಇರಲಿ.

ಆಮೇಲೆ ಕುಂಕುಮ. ಅರಿಶಿನಕ್ಕೆ ಸುಣ್ಣ, ನಿಂಬೆರಸ ಹಾಕಿ ಮನೆಯಲ್ಲಿ ಮಾಡುವ ಕುಂಕುಮದ ಬಗ್ಗೆ ಚಿಂತೆ ಇಲ್ಲ, ಆ ಅರಿಶಿನ ಒಳ್ಳೆಯದಿದ್ದರೆ. ಅಂಗಡಿಯ ಸಿಂಧೂರದ ಮಾತು ಬೇರೆ. ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದವರು 2017ರಲ್ಲಿ 118 ಸಿಂಧೂರ ಮಾದರಿ ಪರೀಕ್ಷಿಸಿದರು. ಅಲ್ಲಿ ಕೊಂಡದ್ದರಲ್ಲಿ ಶೇ 83, ಭಾರತದಲ್ಲಿ ಕೊಂಡದ್ದರಲ್ಲಿ ಶೇ 78 ಮಾದರಿಗಳಲ್ಲಿ ಸೀಸ ಸಿಕ್ಕಿತು. ಹಣೆಗೆ ಇಟ್ಟರೆ ಚರ್ಮದ ಮೂಲಕ ಒಳಗೆ ಹೋಗುವುದು ತೀರಾ ಕಡಿಮೆ. ಆದರೆ ಅದೇ ಬೆರಳಲ್ಲಿ ಪ್ರಸಾದ ತಿನ್ನುತ್ತೇವೆ. ಅಡ್ಡ ದಾರಿ ಅದು. ಇಟ್ಟುಕೊಂಡ ಮೇಲೆ ಕೈ ತೊಳೆಯಿರಿ. ಕಾಡಿಗೆಗೂ ಇದೇ ಮಾತು. ಹರಳೆಣ್ಣೆ ದೀಪದ ಮಸಿಯಿಂದ ಮನೆಯಲ್ಲಿ ಮಾಡಿದ್ದರಲ್ಲಿ ಸೀಸದ ಭಯವಿಲ್ಲ. ಕಲ್ಲು ಅರೆದು ಮಾಡುವ ಸುರ್ಮಾ ಎಷ್ಟೋ ಸಲ ಸೀಸದ ಅದಿರೇ ಆಗಿರುತ್ತದೆ.

ಅರಿಶಿನದ ವಿಷಯ ಕೇಳಿ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಬಸುರಿಯರ ರಕ್ತದಲ್ಲಿ ಸೀಸ ಜಾಸ್ತಿ ಇತ್ತು. ಎಲ್ಲಿಂದ ಅಂತ ಹುಡುಕುತ್ತಾ ಹೋದ ಸಂಶೋಧಕರಿಗೆ ಸಿಕ್ಕಿದ್ದು ಅಡುಗೆಮನೆಯ ಅರಿಶಿನ. ಕೊಂಬನ್ನು ಪಾಲಿಶ್ ಮಾಡುವಾಗ ಬಣ್ಣ ಬರಲಿ ಅಂತ ಲೆಡ್ ಕ್ರೋಮೇಟ್ ಎಂಬ ಸೀಸದ ಹಳದಿ ಬಣ್ಣ ಹಚ್ಚುತ್ತಿದ್ದರು. 2019ರಲ್ಲಿ ವಿಷಯ ಹೊರಬಿದ್ದ ಮೇಲೆ ಅಲ್ಲಿನ ಸರ್ಕಾರ ದಾಳಿ ಮಾಡಿತು, ದಂಡ ಹಾಕಿತು, ಜನರಿಗೆ ತಿಳಿಸಿತು. 2019ರಲ್ಲಿ ಮಾರುಕಟ್ಟೆಯ ಮಾದರಿಗಳಲ್ಲಿ ಶೇ 47ರಲ್ಲಿ ಸೀಸ ಇತ್ತು. 2021ಕ್ಕೆ ಒಂದರಲ್ಲೂ ಇರಲಿಲ್ಲ. ಎರಡೇ ವರ್ಷ! ಸರ್ಕಾರ ಮನಸ್ಸು ಮಾಡಿದರೆ ಏನಾಗುತ್ತದೆ ಅಂತ ಇದನ್ನು ಓದಿದಾಗಲೆಲ್ಲ ನನಗೆ ಅನ್ನಿಸುತ್ತದೆ. ಆಮೇಲೆ ದಕ್ಷಿಣ ಏಷ್ಯಾದ ಹಲವು ನಗರಗಳಲ್ಲಿ ಪರೀಕ್ಷೆ ಮಾಡಿದಾಗ ಪಾಟ್ನಾ, ಕರಾಚಿ, ಪೇಶಾವರದ ಕೆಲವು ಮಾದರಿಗಳಲ್ಲಿ ಗ್ರಾಂಗೆ 1000 ಮೈಕ್ರೋಗ್ರಾಂ ಮೀರಿದ ಸೀಸ ಸಿಕ್ಕಿತು. ನಮಗೆ ಚಾಮರಾಜನಗರದ ಕಡೆ ಒಳ್ಳೆಯ ಅರಿಶಿನ ಬೆಳೆಯುತ್ತದೆ. ಪರಿಚಯದ ರೈತರಿಂದ ಪಾಲಿಶ್ ಮಾಡದ, ಮಂಕು ಬಣ್ಣದ ಕೊಂಬು ತಂದು ಬೀಸಿಸಿಕೊಳ್ಳಿ. ಕಣ್ಣಿಗೆ ಹೊಡೆಯುವ ಹಳದಿ ಬಣ್ಣದ ಕೊಂಬು ಕಂಡರೆ ಅನುಮಾನ ಪಡಿ.

ಹಿತ್ತಾಳೆ ಪಾತ್ರೆಗೆ ಹಾಕುವ ಕಲಾಯಿಯಲ್ಲಿ ಶುದ್ಧ ತವರ ಇರಬೇಕು. ಅದಕ್ಕೆ ಸೀಸ ಬೆರೆಸಿದರೆ ಹುಳಿ, ಸಾರು ಕುದಿಸಿದಾಗ ಬಿಟ್ಟುಕೊಳ್ಳುತ್ತದೆ. ಅಮೆರಿಕದಲ್ಲಿರುವವರು ಊರಿಂದ ಹಿಂಡಾಲಿಯಂ, ಹಿತ್ತಾಳೆ ಪಾತ್ರೆ ಕೊಂಡೊಯ್ಯುವುದು ವಾಡಿಕೆ. ಇಂಥ ಕೆಲವು ಪಾತ್ರೆಗಳಿಂದ ಸೀಸ ಬಿಡುತ್ತದೆ ಅಂತ ಅಲ್ಲಿನ ಆಹಾರ ಮತ್ತು ಔಷಧ ಆಡಳಿತ 2025ರಲ್ಲಿ ಎಚ್ಚರಿಕೆ ಕೊಟ್ಟಿದೆ. ಬಸುರಿನಲ್ಲಿ ಹುಳಿ ಅಡುಗೆಗೆ ಸ್ಟೀಲ್ ಪಾತ್ರೆ ಬಳಸಿ.

ನಮ್ಮ ಯಜಮಾನರು ಬ್ಯಾಟರಿ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುತ್ತಾರೆ. ನನಗೆ ತೊಂದರೆಯಾಗುತ್ತದಾ?

ಆಗಬಹುದು. ಬಟ್ಟೆ, ಚಪ್ಪಲಿ, ತಲೆಕೂದಲಿನಲ್ಲಿ ಸೀಸದ ಧೂಳು ಮನೆಗೆ ಬರುತ್ತದೆ. ಅಲ್ಲೇ ಬಟ್ಟೆ ಬದಲಿಸಿ, ಕೈಕಾಲು ಮುಖ ತೊಳೆದು ಬರಲಿ. ಕೆಲಸದ ಬಟ್ಟೆಯನ್ನು ಮನೆಯವರ ಬಟ್ಟೆ ಜೊತೆ ನೆನೆಸಬೇಡಿ, ನೀವು ಒಗೆಯಲೂ ಬೇಡಿ. ಮನೆ ಅಂಗಳದಲ್ಲಿ ಬ್ಯಾಟರಿ ಒಡೆದು ಸೀಸ ಕರಗಿಸುವ ಕೆಲಸವಿದ್ದರೆ ಅದನ್ನು ನಿಲ್ಲಿಸಲೇಬೇಕು. ಬೆಸುಗೆ, ಹಳೆ ಪೇಂಟ್ ಕೆರೆಯುವ ಕೆಲಸದವರಿಗೂ ಇದೇ ಮಾತು. ನಿಮ್ಮಿಬ್ಬರ ರಕ್ತದಲ್ಲೂ ಸೀಸದ ಪರೀಕ್ಷೆ ಮಾಡಿಸಿ.

ಸೊಸೆಗೆ ಬಸುರು ನಿಲ್ಲಲಿ ಅಂತ ಆಯುರ್ವೇದದ ಮಾತ್ರೆ ಕೊಡಿಸುತ್ತಿದ್ದೇವೆ. ಗಿಡಮೂಲಿಕೆ ತಾನೇ?

ಅಮ್ಮಾ, ನಿಮ್ಮ ಕಾಳಜಿ ಅರ್ಥವಾಗುತ್ತದೆ. ಜೀರಿಗೆ ಕಷಾಯದ ಬಗ್ಗೆ ನನ್ನ ತಕರಾರಿಲ್ಲ. ಆದರೆ ಭಸ್ಮ, ರಸ ಅಂತ ಹೆಸರಿರುವ ಔಷಧಿಗಳು ಬರೀ ಗಿಡಮೂಲಿಕೆ ಅಲ್ಲ. ನಾಗಭಸ್ಮ ಅಂದರೆ ಸೀಸದ ಭಸ್ಮ. ಬಸುರಿ ಹೆಂಗಸರಿಗೆಂದೇ ಕೊಡುವ ಗರ್ಭಪಾಲ ರಸದ ಪಾಕದಲ್ಲಿ ನಾಗಭಸ್ಮ ಸೇರಿದೆ. 2011 ಮತ್ತು 2012ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಆರು ಬಸುರಿಯರ ರಕ್ತದಲ್ಲಿ ಸೀಸ ಬಹಳ ಇತ್ತು. ಎಲ್ಲರೂ ಭಾರತದಿಂದ ಬಂದ ಆಯುರ್ವೇದ ಮಾತ್ರೆ ತಿನ್ನುತ್ತಿದ್ದವರು. ಇಂಟರ್ನೆಟ್ಟಿನಲ್ಲಿ ಮಾರುವ 193 ಆಯುರ್ವೇದ ಔಷಧಿಗಳನ್ನು ಪರೀಕ್ಷಿಸಿದ 2008ರ ಅಧ್ಯಯನದಲ್ಲಿ, ಐದರಲ್ಲಿ ಒಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು.

ಸೊಸೆ ಏನೇನು ತಿನ್ನುತ್ತಿದ್ದಾಳೋ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಮುಂದಿನ ತಪಾಸಣೆಗೆ ಹೋಗಿ, ಡಾಕ್ಟರಿಗೆ ತೋರಿಸಿ. ಬೈಯುತ್ತಾರೆ ಅಂತ ಮುಚ್ಚಿಡಬೇಡಿ.

ನನಗೆ ಬಳಪ, ಕೆಮ್ಮಣ್ಣು ತಿನ್ನಬೇಕು ಅನ್ನಿಸುತ್ತದೆ. ಬಯಕೆ ಅಲ್ವಾ, ತಿಂದರೆ ಏನು?

ನಾಚಿಕೆ ಪಡುವ ವಿಷಯವೇ ಅಲ್ಲ ಇದು. ಬಹಳ ಹೆಂಗಸರಿಗೆ ಹೀಗಾಗುತ್ತದೆ, ಹೇಳಿಕೊಳ್ಳುವುದಿಲ್ಲ ಅಷ್ಟೆ. ಎಷ್ಟೋ ಸಲ ಇದು ರಕ್ತ ಕಡಿಮೆ ಇದೆ ಅನ್ನುವುದರ ಸೂಚನೆ. ಆದರೆ ಮಣ್ಣಿನಲ್ಲಿ, ಸುಟ್ಟ ಮಣ್ಣಿನ ಬಿಲ್ಲೆಯಲ್ಲಿ ಸೀಸ ಇರಬಹುದು. ಬಾಂಗ್ಲಾದೇಶದ ಕಡೆ ಬಸುರಿಯರು ತಿನ್ನುವ ಸಿಕೋರ್ ಎಂಬ ಸುಟ್ಟ ಮಣ್ಣಿನ ಬಗ್ಗೆ ಬ್ರಿಟನ್ನಿನಲ್ಲಿ ಇದೇ ಕಾರಣಕ್ಕೆ ಎಚ್ಚರಿಕೆ ಕೊಟ್ಟಿದ್ದಾರೆ. ಇನ್ನೊಂದು ಕಷ್ಟ ನೋಡಿ: ಕಬ್ಬಿಣದ ಅಂಶ ಕಡಿಮೆ ಇದ್ದಾಗ ಕರುಳು ಸೀಸವನ್ನು ಇನ್ನೂ ಜಾಸ್ತಿ ಹೀರಿಕೊಳ್ಳುತ್ತದೆ. ಹಿಮೋಗ್ಲೋಬಿನ್ ನೋಡಿಸಿ, ಕಬ್ಬಿಣದ ಮಾತ್ರೆ ಬಿಡದೆ ತಗೊಳ್ಳಿ. ರಕ್ತ ಏರಿದ ಮೇಲೆ ಬಯಕೆಯೂ ಬಹಳ ಸಲ ತಾನೇ ಇಳಿಯುತ್ತದೆ.

ಎಲ್ಲ ಬಸುರಿಯರೂ ಸೀಸದ ರಕ್ತಪರೀಕ್ಷೆ ಮಾಡಿಸಬೇಕಾ?

ಬೇಡ. ಮೇಲೆ ಹೇಳಿದ್ದರಲ್ಲಿ ಯಾವುದಾದರೂ ನಿಮ್ಮ ಮನೆಗೆ ತಾಳೆಯಾದರೆ ಕೇಳಿ: ಬ್ಯಾಟರಿ ಕೆಲಸ, ಭಸ್ಮದ ಔಷಧಿ, ಮಣ್ಣು ತಿನ್ನುವ ಅಭ್ಯಾಸ, ಇತ್ತೀಚೆಗೆ ಕೆರೆಸಿದ ಹಳೆ ಬಣ್ಣ. ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಅಥವಾ ಹೆಚ್ಚು ಬಂದರೆ ಮೂಲ ಹುಡುಕಿ ತೆಗೆಯಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದೆ. ಹೆಚ್ಚಿನವರಿಗೆ ಮೂಲ ತೆಗೆಯುವುದು, ಕ್ಯಾಲ್ಸಿಯಂ, ಕಬ್ಬಿಣ, ಇಷ್ಟೇ ಚಿಕಿತ್ಸೆ. ಸೀಸವನ್ನು ಎಳೆದು ತೆಗೆಯುವ ಔಷಧಿ ಬಸುರಿನಲ್ಲಿ ಬೇಕಾಗುವುದು ಬಹಳ ಅಪರೂಪ. ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ ಸೀಸಕ್ಕೆಂದೇ ರಾಷ್ಟ್ರೀಯ ಕೇಂದ್ರವೊಂದು ಇದೆ. ನಿಮ್ಮ ಡಾಕ್ಟರಿಗೆ ಗೊತ್ತಿರದಿದ್ದರೆ ಹೇಳಿ.

ಮುಖಕ್ಕೆ ಹಚ್ಚುವ ಕ್ರೀಮಿನಿಂದಲೂ ಬಿಪಿ ಬರುತ್ತದಾ?

ಬೆಳ್ಳಗಾಗಲು ಹಚ್ಚುವ ಕೆಲವು ಕ್ರೀಮುಗಳಲ್ಲಿ ಪಾದರಸ ಇರುತ್ತದೆ. ಇದು ಚರ್ಮದ ಮೂಲಕವೇ ಒಳಗೆ ಹೋಗುತ್ತದೆ. ಕಿಡ್ನಿ ಕೆಡುತ್ತದೆ, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತದೆ, ಕಾಲು ಊದುತ್ತದೆ, ಬಿಪಿ ಏರಬಹುದು. ಗರ್ಭನಂಜಿನದ್ದೂ ಇದೇ ಚಹರೆ ಅಲ್ವಾ? ಕೇರಳದಲ್ಲಿ 2021ರಿಂದ 2023ರ ನಡುವೆ ಒಂದು ಬಗೆಯ ಕಿಡ್ನಿ ಕಾಯಿಲೆಯವರು ಇದ್ದಕ್ಕಿದ್ದಂತೆ ಹೆಚ್ಚಿದರು. ಡಾಕ್ಟರುಗಳು ವಿಚಾರಿಸಿದಾಗ 15 ಜನರಲ್ಲಿ 13 ಜನ ಇಂಥ ಕ್ರೀಮು ಹಚ್ಚುತ್ತಿದ್ದರು. ಕ್ರೀಮು ಬಿಟ್ಟ ಮೇಲೆ ಹೆಚ್ಚಿನವರು ಸುಧಾರಿಸಿದರು. ಡಬ್ಬಿಯ ಮೇಲೆ ಏನೇನು ಹಾಕಿದೆ ಅಂತ ಬರೆಯದ ಕ್ರೀಮನ್ನು ಇವತ್ತೇ ಬಿಟ್ಟುಬಿಡಿ. ಬಿಪಿ ಮತ್ತು ಪ್ರೋಟೀನ್ ಕಂಡರೆ ಈ ಕ್ರೀಮಿನ ವಿಷಯ ಡಾಕ್ಟರಿಗೆ ಹೇಳಿ.

ಸೌದೆ ಒಲೆಯ ಹೊಗೆ?

ಭಾರತದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2005-06ರ ಮಾಹಿತಿ ನೋಡಿದಾಗ, ಸೌದೆ, ಬೆರಣಿ ಉರಿಸುವ ಮನೆಯ ಹೆಂಗಸರು ಗರ್ಭನಂಜಿನ ಲಕ್ಷಣಗಳನ್ನು ಸುಮಾರು ಎರಡು ಪಟ್ಟು ಹೆಚ್ಚು ಹೇಳಿಕೊಂಡಿದ್ದರು. ಆದರೆ ಪೂರ್ತಿ ಚಿತ್ರ ಅಷ್ಟು ಸರಳವಲ್ಲ. ತಮಿಳುನಾಡು, ಗ್ವಾಟೆಮಾಲಾ, ಪೆರು, ರುವಾಂಡಾದಲ್ಲಿ 3200 ಬಸುರಿಯರ ಮೇಲೆ ದೊಡ್ಡ ಪ್ರಯೋಗ ನಡೆಯಿತು. ಅರ್ಧ ಜನಕ್ಕೆ ಗ್ಯಾಸ್ ಒಲೆ, ಸಿಲಿಂಡರ್ ಕೊಟ್ಟರು. ಹೊಗೆ ಬಹಳ ಕಡಿಮೆಯಾಯಿತು, ಆದರೆ ಬಸುರಿನ ಬಿಪಿ ಇಳಿಯಲಿಲ್ಲ. ಬಹುಶಃ ಬಸುರಾದ ಮೇಲೆ ಒಲೆ ಬದಲಿಸಿದರೆ ತಡವಾಗಿರುತ್ತದೆ ಅಂತ ನನ್ನ ಅನಿಸಿಕೆ. ಹಾಗಂತ ಹೊಗೆ ಒಳ್ಳೆಯದೇನಲ್ಲ. ಶ್ವಾಸಕೋಶ, ಕಣ್ಣು, ಹೃದಯಕ್ಕೆಲ್ಲ ಅದು ಕೆಟ್ಟದ್ದು. ಗ್ಯಾಸ್ ಇದ್ದರೆ ಬಳಸಿ. ನೀರು ಕಾಯಿಸುವ ಹಂಡೆ ಒಲೆಯ ಮುಂದೆ ಕೂರುವ ಕೆಲಸ ಈ ಒಂಬತ್ತು ತಿಂಗಳು ಮನೆಯ ಬೇರೆಯವರು ಮಾಡಲಿ.

ಸಿಟಿಯ ಟ್ರಾಫಿಕ್ ಹೊಗೆ?

ಗಾಳಿಯಲ್ಲಿನ ಪಿಎಂ 2.5 ಎಂಬ ಅತಿ ಸಣ್ಣ ಕಣ ಜಾಸ್ತಿ ಇರುವ ಕಡೆ ಬಸುರಿನ ಬಿಪಿಯೂ ಜಾಸ್ತಿ ಅಂತ ಹಲವು ದೇಶಗಳ ಅಧ್ಯಯನ ಹೇಳುತ್ತವೆ. ವರ್ಷದ ಸರಾಸರಿ ಘನ ಮೀಟರಿಗೆ 5 ಮೈಕ್ರೋಗ್ರಾಂ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದರೆ, ನಮ್ಮ ದೇಶದ ಮಿತಿಯೇ 40. ಒಬ್ಬ ಬಸುರಿ ಇದಕ್ಕೆ ಏನು ಮಾಡಬಲ್ಲಳು? ವಾಕಿಂಗಿಗೆ ದೊಡ್ಡ ರಸ್ತೆ ಬಿಟ್ಟು ಒಳರಸ್ತೆ ಹಿಡಿಯಬಹುದು, ಕಸ ಸುಡುವ ಕಡೆಯಿಂದ ದೂರ ಇರಬಹುದು. ಉಳಿದದ್ದು ಸರ್ಕಾರದ ಕೆಲಸ.

ನಾನ್‌ಸ್ಟಿಕ್ ತವಾ ಎಸೆಯಬೇಕಾ?

ಈ ಭಯದ ಹಿಂದೆ ಒಂದು ನಿಜವಾದ ಕಥೆ ಇದೆ. ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ, ಪಾರ್ಕರ್ಸ್‌ಬರ್ಗ್ ಊರಿನ ಹತ್ತಿರ ಒಹಾಯೋ ನದಿ ದಡದಲ್ಲಿ ನಾನ್‌ಸ್ಟಿಕ್ ಪದರದ ಟೆಫ್ಲಾನ್ ಮಾಡುವ ಡುಪಾಂಟ್ ಕಂಪನಿಯ ಕಾರ್ಖಾನೆ ಇತ್ತು. ಅಲ್ಲಿಂದ ಪಿಎಫ್ಎಎಸ್ ಗುಂಪಿನ ಪಿಎಫ್ಒಎ ಎಂಬ ರಾಸಾಯನಿಕ, ಅದಕ್ಕೇ ಸಿ8 ಅಂತಲೂ ಹೆಸರು, ಸುತ್ತಲಿನ ಕುಡಿಯುವ ನೀರಿಗೆ ಸೇರಿತು. ಜನ ಕೋರ್ಟಿಗೆ ಹೋದರು. ರಾಜಿಯ ಭಾಗವಾಗಿ ಸುಮಾರು 69,000 ಜನರ ರಕ್ತ ಪರೀಕ್ಷೆ ನಡೆಯಿತು. ಮೂವರು ವಿಜ್ಞಾನಿಗಳ ಸಮಿತಿ ವರ್ಷಗಟ್ಟಲೆ ಅಧ್ಯಯನ ಮಾಡಿ, ಆರು ಕಾಯಿಲೆಗಳಿಗೂ ಸಿ8ಕ್ಕೂ ಸಂಬಂಧ ಇರುವ ಸಂಭವವೇ ಹೆಚ್ಚು ಅಂತ ಹೇಳಿತು. ಬಸುರಿನಲ್ಲಿ ಏರುವ ಬಿಪಿ ಆ ಆರರಲ್ಲಿ ಒಂದು. 2011ರ ಡಿಸೆಂಬರಿನಲ್ಲಿ ಬಂದ ತೀರ್ಮಾನ ಅದು. ಆ ಬಳಿಕದ ಅಧ್ಯಯನಗಳು ಎಲ್ಲವೂ ಒಂದೇ ದನಿಯಲ್ಲಿ ಹೇಳುತ್ತಿಲ್ಲ. ಹಾಗಿದ್ದರೂ ರಕ್ತದಲ್ಲಿ ಪಿಎಫ್ಎಎಸ್ ಇರುವ ಬಸುರಿಯರ ಬಿಪಿಯನ್ನು ಪ್ರತಿ ತಪಾಸಣೆಯಲ್ಲೂ ನೋಡಬೇಕು ಅಂತ ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳು 2022ರಲ್ಲಿ ಸಲಹೆ ಕೊಟ್ಟವು.

ಅಲ್ಲಿಯ ಜನಕ್ಕೆ ತೊಂದರೆಯಾದದ್ದು ತವಾದಿಂದಲ್ಲ, ನೀರಿನಿಂದ. ನಿಮ್ಮ ತವಾ ಗೀರು ಬಿದ್ದು ಪದರ ಏಳುತ್ತಿದ್ದರೆ ಬದಲಿಸಿ, ಖಾಲಿ ತವಾವನ್ನು ಕೆಂಪಗೆ ಕಾಯಿಸಬೇಡಿ. ದೋಸೆಗೆ ಕಬ್ಬಿಣದ ಕಾವಲಿ ಇದ್ದರೆ ಬಹಳ ಒಳ್ಳೆಯದು. ಅಮೆರಿಕದಲ್ಲಿರುವವರು ನಿಮ್ಮ ಊರಿನ ನೀರು ಸರಬರಾಜಿನವರ ಪಿಎಫ್ಎಎಸ್ ವರದಿ ಕೇಳಿ ನೋಡಿ.

ನೀರನ್ನು ಕುದಿಸಿ ಕುಡಿಯುತ್ತೇವೆ. ಸಾಕಲ್ವಾ?

ಕುದಿಸಿದರೆ ರೋಗಾಣು ಸಾಯುತ್ತವೆ. ಸೀಸ, ಆರ್ಸೆನಿಕ್, ಉಪ್ಪು ಹೋಗುವುದಿಲ್ಲ. ನೀರು ಆವಿಯಾಗಿ ಇನ್ನಷ್ಟು ಗಟ್ಟಿಯಾಗುತ್ತವೆ. ಸರಿಯಾಗಿ ನೋಡಿಕೊಂಡ ಆರ್‌ಒ ಫಿಲ್ಟರ್ ಇವನ್ನು ಬಹುಪಾಲು ತೆಗೆಯುತ್ತದೆ.

ಬಾಂಗ್ಲಾದೇಶದ ಕರಾವಳಿಯ ಡಾಕೋಪ್ ಎಂಬಲ್ಲಿ ಸಮುದ್ರದ ಉಪ್ಪು ಕುಡಿಯುವ ನೀರಿಗೇ ಸೇರಿದೆ. ಬೇಸಿಗೆಯಲ್ಲಿ ಅಲ್ಲಿನ ಹೆಂಗಸರ ಹೊಟ್ಟೆಗೆ ನೀರಿನಿಂದಲೇ ದಿನಕ್ಕೆ 5ರಿಂದ 16 ಗ್ರಾಂ ಸೋಡಿಯಂ ಹೋಗುತ್ತಿತ್ತು. ಅಲ್ಲಿ ಬಸುರಿನ ಬಿಪಿ, ಗರ್ಭನಂಜು ಎರಡೂ ಜಾಸ್ತಿ. ಮಳೆನೀರು ಹಿಡಿದು ಕುಡಿಯುವವರ ಹೊಟ್ಟೆಗೆ ಹೋಗುವ ಸೋಡಿಯಂ ಅದರ ಒಂದು ಚೂರು ಮಾತ್ರ. ನಮ್ಮಲ್ಲಿ ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದಲ್ಲಿ ಕೊಳವೆಬಾವಿ ನೀರಿನ ಆರ್ಸೆನಿಕ್‌ನಿಂದ ಜನರ ಚರ್ಮದ ಮೇಲೆ ಕಲೆ, ಗಂಟು ಎದ್ದಿದ್ದವು. ಆ ಭಾಗದವರು ನೀರು ಪರೀಕ್ಷೆ ಮಾಡಿಸದೆ ಬಸುರಿಗೆ ಕೊಡಬೇಡಿ.

ಇದೇ ಜಾಗದಲ್ಲಿ ಇನ್ನೊಂದು ಮಾತು: ಊಟದಲ್ಲಿ ಉಪ್ಪು ಪೂರ್ತಿ ಬಿಟ್ಟರೆ ಗರ್ಭನಂಜು ಬರುವುದಿಲ್ಲ ಅನ್ನುವುದು ಸುಳ್ಳು. ಹಾಳತವಾಗಿ ತಿನ್ನಿ.

ಪ್ಲಾಸ್ಟಿಕ್?

ಪ್ಲಾಸ್ಟಿಕ್ ಮೆತ್ತಗಾಗಲು ಹಾಕುವ ಥಾಲೇಟ್ ಮೂತ್ರದಲ್ಲಿ ಜಾಸ್ತಿ ಇದ್ದವರಲ್ಲಿ ಗರ್ಭನಂಜು ಹೆಚ್ಚು ಕಂಡಿದೆ ಅಂತ ಬಾಸ್ಟನ್ ನಗರದ ಒಂದು ಅಧ್ಯಯನ ಹೇಳಿತು. ಸಾಕ್ಷಿ ಇನ್ನೂ ತೆಳು. ಹೋಟೆಲಿನ ಬಿಸಿ ಸಾಂಬಾರನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಸಿ ತರುವ ಬದಲು ಸ್ಟೀಲ್ ಡಬ್ಬಿ ತೆಗೆದುಕೊಂಡು ಹೋಗಿ.

ಹೊಲದಲ್ಲಿ ಔಷಧಿ ಹೊಡೆಯುವಾಗ ನಾನೂ ಹೋಗಬೇಕಾಗುತ್ತದೆ. ಏನು ಮಾಡಲಿ?

ಅಮೆರಿಕದ ಅಯೋವಾ ಮತ್ತು ನಾರ್ತ್ ಕ್ಯಾರೋಲಿನಾದ ರೈತ ಮಹಿಳೆಯರಲ್ಲಿ, ಬಸುರಿನ ಮೊದಲ ಮೂರು ತಿಂಗಳು ಕೀಟನಾಶಕದ ಕೆಲಸದಲ್ಲಿದ್ದವರಿಗೆ ಬಿಪಿ ಹೆಚ್ಚು ಬಂದಿತ್ತು. ಆ ಮೂರು ತಿಂಗಳಲ್ಲಿ ಎಷ್ಟೋ ಹೆಂಗಸರಿಗೆ ತಾವು ಬಸುರಿ ಅಂತಲೇ ಗೊತ್ತಿರುವುದಿಲ್ಲ, ಕಷ್ಟ ಇರುವುದು ಇಲ್ಲಿ. ಔಷಧಿ ಕಲೆಸುವುದು, ಹೊಡೆಯುವುದು, ಹೊಡೆದ ಮರುದಿನ ಕಳೆ ಕೀಳುವುದು, ಪಂಪು ತೊಳೆಯುವುದು, ಆ ಬಟ್ಟೆ ಒಗೆಯುವುದು, ಇಷ್ಟನ್ನು ಬಿಡಿಸಿಕೊಳ್ಳಿ. ಕೂಲಿಗೆ ಹೋಗುವವರಿಗೆ ಇದು ಹೇಳಿದಷ್ಟು ಸುಲಭವಲ್ಲ, ನನಗೆ ಗೊತ್ತು. ಆಶಾ ಕಾರ್ಯಕರ್ತೆಯ ಮೂಲಕ ತೋಟದ ಮಾಲೀಕರಿಗೆ ಹೇಳಿಸಿದರೆ ಕೆಲವು ಕಡೆ ಬೇರೆ ಕೆಲಸ ಕೊಡುತ್ತಾರೆ.

ಎಲೆ ಅಡಿಕೆ ಜೊತೆ ಸ್ವಲ್ಪ ಹೊಗೆಸೊಪ್ಪು ಹಾಕಿಕೊಳ್ಳುತ್ತೇನೆ.

ಬಿಡಿ, ದಯವಿಟ್ಟು. ಸ್ವೀಡನ್ನಿನಲ್ಲಿ ತುಟಿಯೊಳಗೆ ಇಟ್ಟುಕೊಳ್ಳುವ ತಂಬಾಕು ಬಳಸಿದ ಬಸುರಿಯರಲ್ಲಿ ಗರ್ಭನಂಜೂ, ದಿನ ತುಂಬದ ಹೆರಿಗೆಯೂ ಹೆಚ್ಚು ಕಂಡವು. ಕಡ್ಡಿಪುಡಿಯೂ ತಂಬಾಕೇ.

ಮೈಯಿಂದ ವಿಷ ತೆಗೆಯುವ ಡಿಟಾಕ್ಸ್ ಪುಡಿ, ಜ್ಯೂಸ್ ಕುಡಿಯಲಾ?

ಬೇಡ. ಯಾವುದೂ ಸೀಸ ತೆಗೆಯುವುದಿಲ್ಲ, ಬಿಪಿ ಇಳಿಸುವುದಿಲ್ಲ. ಆ ದುಡ್ಡಿಗೆ ಮನೆಯಲ್ಲಿ ಬಿಪಿ ನೋಡುವ ಮೆಷಿನ್ ಬರುತ್ತದೆ.

ಮನೆಯಲ್ಲಿ ಬಿಪಿ ಹೇಗೆ ನೋಡಬೇಕು?

ಐದು ನಿಮಿಷ ಸುಮ್ಮನೆ ಕೂತಿರಿ. ಬೆನ್ನಿಗೆ ಆಸರೆ ಇರಲಿ, ಪಾದ ನೆಲಕ್ಕೆ ಊರಿರಲಿ, ಕಾಲ ಮೇಲೆ ಕಾಲು ಬೇಡ. ಪಟ್ಟಿ ಸುತ್ತಿದ ತೋಳು ಎದೆಯ ಮಟ್ಟಕ್ಕೆ ಇರಲಿ. ನೋಡುವಾಗ ಮಾತಾಡಬೇಡಿ. ತೋಳು ದಪ್ಪ ಇದ್ದರೆ ದೊಡ್ಡ ಪಟ್ಟಿ ಬೇಕು, ಚಿಕ್ಕದರಲ್ಲಿ ಸುಳ್ಳು ಅಂಕಿ ಬರುತ್ತದೆ. ತಾರೀಕು, ಹೊತ್ತು, ಅಂಕಿ ಬರೆದಿಡಿ. ಮೆಷಿನ್ ಇಲ್ಲದಿದ್ದರೆ ಉಪಕೇಂದ್ರದಲ್ಲಿ ನೋಡುತ್ತಾರೆ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆಂದೇ ಡಾಕ್ಟರ ತಪಾಸಣೆ ಇರುತ್ತದೆ, ದುಡ್ಡು ಕೊಡಬೇಕಿಲ್ಲ.

ಡಾಕ್ಟರನ್ನು ಏನು ಕೇಳಲಿ?

ನನಗೆ ಗರ್ಭನಂಜಿನ ಅಪಾಯ ಜಾಸ್ತಿ ಇದೆಯಾ, ಆಸ್ಪಿರಿನ್ ಬೇಕಾ ಅಂತ ಮೂರು ತಿಂಗಳು ಮುಗಿಯುವ ಹೊತ್ತಿಗೇ ಕೇಳಿ. ಅಪಾಯ ಹೆಚ್ಚಿರುವವರಿಗೆ ಸಣ್ಣ ಪ್ರಮಾಣದ ಆಸ್ಪಿರಿನ್ ಕೆಲಸ ಮಾಡುತ್ತದೆ, ಆದರೆ 16 ವಾರಕ್ಕೆ ಮೊದಲು ಶುರುವಾದರೆ ಒಳ್ಳೆಯದು. ಸ್ವಂತಕ್ಕೆ ಅಂಗಡಿಯಿಂದ ತಂದು ನುಂಗಬೇಡಿ. ಆಮೇಲೆ ನಿಮ್ಮ ಕೆಲಸ, ಮನೆಯವರ ಕೆಲಸ, ತಿನ್ನುತ್ತಿರುವ ನಾಟಿ ಔಷಧಿ, ಹಚ್ಚುವ ಕ್ರೀಮು, ನೀರು ಎಲ್ಲಿಂದ ಬರುತ್ತದೆ, ಇದನ್ನು ಅವರು ಕೇಳದಿದ್ದರೂ ಹೇಳಿ. ಹೊರಗೆ ನೂರು ಜನ ಕಾಯುತ್ತಿರುವಾಗ ಅವರಿಗೆ ಕೇಳಲು ಹೊತ್ತಿರುವುದಿಲ್ಲ. ಚೀಟಿಯಲ್ಲಿ ಬರೆದುಕೊಂಡು ಹೋದರೆ ಅರ್ಧ ನಿಮಿಷದ ಕೆಲಸ.

ಹೆರಿಗೆ ಆದರೆ ಬಿಪಿ ಹೋಗುತ್ತದೆ ತಾನೇ?

ಹೆಚ್ಚಿನವರಿಗೆ ಹೋಗುತ್ತದೆ, ಆದರೆ ಅದೇ ದಿನ ಅಲ್ಲ. ಹೆರಿಗೆಯಾದ ಮೂರರಿಂದ ಆರನೇ ದಿನದೊಳಗೆ ಬಿಪಿ ಮತ್ತೆ ಏರುವುದುಂಟು, ಫಿಟ್ಸ್ ಆಗಲೂ ಬರಬಹುದು. ಅಷ್ಟರಲ್ಲಿ ಬಾಣಂತಿ ತವರಿನ ಕತ್ತಲೆ ಕೋಣೆ ಸೇರಿರುತ್ತಾಳೆ. ತಲೆನೋವು ಅಂದರೆ "ನಿದ್ದೆ ಇಲ್ಲ, ಅದಕ್ಕೇ" ಅನ್ನುತ್ತಾರೆ. ಬಿಪಿ ಇದ್ದ ಬಾಣಂತಿಗೆ ಮೊದಲ ವಾರ ದಿನವೂ, ಆಮೇಲೆ ಆರು ವಾರದ ತನಕ ಡಾಕ್ಟರು ಹೇಳಿದಂತೆ ಬಿಪಿ ನೋಡಬೇಕು. ತವರಿಗೆ ಹೋಗುವಾಗ ತಾಯಿ ಕಾರ್ಡ್, ಬಿಪಿ ಬರೆದ ಪುಸ್ತಕ, ಮಾತ್ರೆ ಮೂರೂ ಬ್ಯಾಗಿನಲ್ಲಿರಲಿ.

ಆ ಕೋಣೆಯ ಅಗ್ಗಿಷ್ಟಿಕೆ, ಸಾಂಬ್ರಾಣಿ ಹೊಗೆಯ ಬಗ್ಗೆ ಅಜ್ಜಿಯರ ಹತ್ತಿರ ಜಗಳ ಆಡಬೇಕಿಲ್ಲ. ಬಾಗಿಲು ಕಿಟಕಿ ಮುಚ್ಚಿ ಕೆಂಡ ಇಟ್ಟರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ, ಅದಕ್ಕೆ ವಾಸನೆ ಇಲ್ಲ. ಮಗುವೂ ಅಲ್ಲೇ ಮಲಗಿರುತ್ತದೆ. ತಲೆ ಒಣಗಿಸಲು ಬೆಚ್ಚನೆಯ ಬಟ್ಟೆ, ಬಿಸಿಲು ಸಾಕು. ನನ್ನ ಅಮ್ಮ ಎರಡನೇ ಬಾಣಂತನದಲ್ಲಿ ಕೆಂಡದ ಬಾಂಡ್ಲಿಯನ್ನು ಹಿತ್ತಲಲ್ಲೇ ಇಟ್ಟು, ನನ್ನ ತಲೆಗೆ ಬಿಸಿಲು ಕಾಯಿಸಿ, ಸಂಜೆ ಐದಕ್ಕೆ ಬಿಪಿ ಮೆಷಿನ್ ಹಿಡಿದು ಬರುತ್ತಿದ್ದರು.